ಹನ್ನೊಂದು ಸುತ್ತು

ಪುಂತಾ ಅರೇನಾಸಿನಲ್ಲಿ ಗಾಳಿ ಯಾರ ಅಪ್ಪಣೆಗೂ ಕಾಯುವುದಿಲ್ಲ.
ತೀರಾ ಜೋರಾದ ದಿನ
ಮೂಲೆ ತಿರುಗುವವರು ಹಿಡಿದುಕೊಳ್ಳಲೆಂದು
ಬೀದಿಬದಿಗೆ ಹಗ್ಗ ಕಟ್ಟುತ್ತಾರೆ.
ನನ್ನ ಮನೆಯೊಳಗೆ ಮಾತ್ರ ಅದರ ಆಟ ನಡೆಯದು.
ಎರಡನೆಯ ಮಹಡಿ, ಜೋಡಿ ಗಾಜಿನ ಕಿಟಕಿ,
ಹಗಲಿರುಳು ಗುಂಯ್‌ಗುಡುವ ಗ್ಯಾಸಿನ ಒಲೆ.
ಮೂವತ್ತು ವರ್ಷ ಏಡಿಯ ಕಾಲು ಮುರಿದು ಗಳಿಸಿದ ಬೆಚ್ಚಗೆ ಇದು.

ಇಲ್ಲಿಗೆ ಬಂದಿದೆ ಟಿಸೋನ್.
ಹೆಸರಿನ ಅರ್ಥ ಕೊಳ್ಳಿ.
ಮೈ ಇನ್ನೂ ಮಸಿ, ಮೂತಿ ಆಗಲೇ ಬೂದಿ.
ನನ್ನ ತಮ್ಮ ಎಲಿಸೆಯೊನ ಜೊತೆ ಹನ್ನೆರಡು ವರ್ಷ
ಬೇಲಿ ಮುಗಿಯದ ಬಯಲಲ್ಲಿ ಕುರಿ ತಿರುಗಿಸಿದ ನಾಯಿ.
ಕುದುರೆ ಮಗುಚಿ ತಮ್ಮನ ಮಂಡಿ ಚೂರಾಯಿತು.
ನತಾಲೆಸಿನಲ್ಲಿ ಬಾಡಿಗೆಗೆ ಸಿಕ್ಕ ಕೋಣೆಗೆ
ಅವನೇ ಹೆಚ್ಚು; ನಾಯಿಯ ಮಾತೆಲ್ಲಿ.

ನನ್ನ ಹಳೆಯ ಕೋಟು ಬಿಚ್ಚಿ, ಉಣ್ಣೆ ತುಂಬಿ
ಹಾಸಿಗೆ ಹೊಲಿದುಕೊಟ್ಟೆ.
ರಾತ್ರಿ ಹತ್ತಕ್ಕೆ ಬಂದು
ಮೊದಲು ಅದನ್ನು ಕೆರೆಯುತ್ತದೆ,
ಉಗುರಿಗೆ ಸಿಗದ ಯಾವುದೋ ಹುಲ್ಲನ್ನು.
ಆಮೇಲೆ ಸುತ್ತು.
ಕಣದಲ್ಲಿ ಗೋಧಿ ತುಳಿಯುವ ಕುದುರೆಯಂತೆ
ತಲೆ ತಗ್ಗಿಸಿ, ಬಾಲ ಇಳಿಸಿ, ಸುತ್ತು.
ಇನ್ನೇನು ಕೂತಿತು ಅನ್ನುವಾಗ
ನೆನಪಾಯಿತೇನೋ ಎಂಬಂತೆ ಎದ್ದು
ಮತ್ತೆ.

ಬಂದ ಹೊಸತರಲ್ಲಿ ಐದು. ಆಮೇಲೆ ಏಳು.
ಎಣಿಸಬಾರದಿತ್ತು, ಎಣಿಸತೊಡಗಿದೆ.
ಪಶುವೈದ್ಯ ಸೊಂಟ ಒತ್ತಿ ನೋಡಿ
ವಯಸ್ಸು ಅಂದ, ಮಾತ್ರೆ ಕೊಟ್ಟ,
ನನ್ನ ಸೊಂಟಕ್ಕೆ ಕೊಟ್ಟದ್ದೂ ಅದೇ ಬಣ್ಣದ್ದು.
ಮೊನ್ನೆ ಹನ್ನೊಂದು.
ಹನ್ನೊಂದಾದ ಮೇಲೂ ಮಲಗಲಿಲ್ಲ,
ನಡುಗುವ ಹಿಂಗಾಲ ಮೇಲೆ ನಿಂತು ನನ್ನನ್ನೇ ನೋಡಿತು,
ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟವಳನ್ನು ನೋಡುವ ಹಾಗೆ.

ತಮ್ಮನಿಗೆ ಫೋನು ಮಾಡಿದೆ.
ಹನ್ನೊಂದು ಅಂದೆ.
ತುಸು ಹೊತ್ತು ಉಸಿರಷ್ಟೇ ಕೇಳಿಸಿತು.
"ಕಿಟಕಿ ಯಾವ ದಿಕ್ಕಿಗಿದೆ?"
ಪಡುವಣಕ್ಕೆ.
"ತೆರೆ. ಎರಡು ಬೆರಳು ಸಾಕು.
ಗಾಳಿ ಎತ್ತಲಿಂದ ಅಂತಲೇ ತಿಳಿಯದೆ
ಬೆನ್ನು ಎತ್ತ ಕೊಟ್ಟೀತು ಪಾಪ, ಮೂಗು ಎತ್ತ ಇಟ್ಟೀತು?"

ತೆರೆದೆ.
ಬಾಕಿ ವಸೂಲಿಗೆ ಬಂದವನಂತೆ ನುಗ್ಗಿತು ಗಾಳಿ.
ಕ್ಯಾಲೆಂಡರು ಮೊಳೆ ಕಿತ್ತುಕೊಂಡು ಹಾರಿತು,
ಸಿಂಕಿನ ಮೇಲಿನ ಪ್ಲಾಸ್ಟಿಕ್ ಹೂವಿಗೂ ಜೀವ ಬಂತು.
ಟಿಸೋನ್ ಮೂತಿ ಎತ್ತಿ ನಿಂತಿತು.
ಒದ್ದೆ ಹೊಳ್ಳೆ ಅರಳಿ, ಮುಚ್ಚಿ, ಅರಳಿ,
ತಡವಾಗಿ ತಲುಪಿದ ಕಾಗದ ಓದುವಂತೆ
ಕೊನೆಯ ಸಾಲಿನವರೆಗೂ.
ಒಂದು ಸುತ್ತು. ಎರಡು.
ಅರ್ಧ.
ಮೂಟೆ ಇಳಿಸಿದಂತೆ ಧೊಪ್ಪೆಂದು ಬಿತ್ತು,
ಮೂಗು ಬಾಲದಡಿ ಸೇರಿತು,
ಇಡೀ ಮನೆಗೆ ಕೇಳುವಂತೆ ಒಂದು ನಿಟ್ಟುಸಿರು.
ಹತ್ತೇ ನಿಮಿಷಕ್ಕೆ ಮುಂಗಾಲು ಅದುರಿದವು.
ಯಾವುದೋ ಕುರಿ ತಪ್ಪಿಸಿಕೊಂಡಿರಬೇಕು.

ನಾನು ಉಣ್ಣೆ ಟೋಪಿ, ಎರಡು ಜೊತೆ ಕಾಲುಚೀಲ.
ಗ್ಯಾಸಿನ ತಿರುಪು ಮುಟ್ಟಿ ನೋಡಿದೆ.
ಚಿಲಕ ಮುಟ್ಟಿದೆ. ಹಾಸಿಗೆವರೆಗೆ ಬಂದು,
ಹಿಂದಿರುಗಿ, ಚಿಲಕ ಮತ್ತೊಮ್ಮೆ.
ದಿಂಬು ಮಗುಚಿದೆ, ಗುದ್ದಿದೆ, ಮಗುಚಿದೆ.
ಮೂವತ್ತು ವರ್ಷದಿಂದ ಇದೇ;
ಎಣಿಸಿದವರು ಯಾರೂ ಇರಲಿಲ್ಲ, ಅಷ್ಟೆ.
ಕೊನೆಗೆ ದಿಂಬನ್ನೇ ಕಾಲ್ದೆಸೆಗೆ ಒಯ್ದು
ನಾಯಿ ಮಲಗಿದ ದಿಕ್ಕಿಗೆ ಮಲಗಿದೆ.
ಬೆಳಗಾದದ್ದು ತಿಳಿಯಲಿಲ್ಲ.

ಮರುದಿನ ಅವನೇ ಕರೆದ.
"ಎಷ್ಟು?"
ಎರಡೂವರೆ.
ನಕ್ಕ. ನಗು ಕೆಮ್ಮಾಯಿತು.
ನಿನ್ನ ನಿದ್ದೆ ಹೇಗೆ ಅಂದೆ.
"ಈ ಕೋಣೆಗೆ ಕಿಟಕಿಯೇ ಇಲ್ಲ ಅಕ್ಕ."

ಏನು ಹೇಳಲಿ.
ಟಿಸೋನನ್ನು ಎಚ್ಚರಗೊಳಿಸದೆ ದಾಟಿ,
ಫೋನನ್ನು ಆ ಎರಡು ಬೆರಳಿನ ಸಂದಿಗೆ
ಹಿಡಿದು ನಿಂತೆ,
ಕೈ ಮರಗಟ್ಟುವವರೆಗೂ.